ಅಡುಗೆಮನೆಗೆ ಬಂದು ಹೋಗುವವರು

ಮಂಗಳವಾರ, ಅಕ್ಟೋಬರ್ ೧೪

ಪ್ರೀತಿಯ ಅಕ್ಕಾ,

ನೀನು ಎರಡು ಕಾಗದ ಬರೆದೆ, ನಾನು ಒಂದಕ್ಕೂ ಉತ್ತರ ಹಾಕಲಿಲ್ಲ. ಮುನಿಸಿಕೊಳ್ಳಬೇಡ. ಮಗಳ ಶಾಲೆ, ಹೊಸ ಮನೆ ಅಂತ ನೆಪ ಹೇಳಬಹುದು. ಆದರೆ ನಿಜ ಏನೆಂದರೆ, ಈ ಮನೆಯಲ್ಲಿ ನನ್ನ ಬೆನ್ನ ಹಿಂದೆ ಏನೋ ನಡೆಯುತ್ತಿತ್ತು. ಅದು ಏನೆಂದು ಗೊತ್ತಾಗದೆ ನಿನಗೆ ಏನು ಬರೆಯಲಿ?

ನಮ್ಮ ಮನೆಯವರ ಅಜ್ಜನ ಊರಿಗೆ ಬಂದು ನಾಲ್ಕು ತಿಂಗಳಾಯಿತು. ಅಜ್ಜ ಹುಟ್ಟಿದ ಮನೆ ಇದು. ಅವರ ತಂಗಿ ಕೊನೆತನಕ ಇಲ್ಲೇ ಇದ್ದರು. ಅವರು ಹೋದ ಮೇಲೆ ಇವರ ಪಾಲಿಗೆ ಬಂತು. ಇವರಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಮಗಳನ್ನು ಶಾಲೆಗೆ ಬಿಟ್ಟು ನಾನು ದಿನಕ್ಕೊಂದು ಬೀದಿ ಸುತ್ತಿ ಹನ್ನೊಂದಕ್ಕೆ ಮನೆ ಸೇರುತ್ತಿದ್ದೆ. ಒಂದು ದಿನ ಕೊಡೆ ರಿಪೇರಿಯವರ ಓಣಿ, ಇನ್ನೊಂದು ದಿನ ನದಿಗೆ ಇಳಿಯುವ ಮೆಟ್ಟಿಲು. ಊರಿನ ದಾರಿಗಳೆಲ್ಲ ಪರಿಚಯವಾದವು, ಜನ ಮಾತ್ರ ಆಗಲಿಲ್ಲ. ತರಕಾರಿಯವಳು ಚೀಲಕ್ಕೆ ಟೊಮೆಟೊ ಹಾಕುವಾಗ ಮುಖ ಎತ್ತುತ್ತಿರಲಿಲ್ಲ. ಬ್ರೆಡ್ ಅಂಗಡಿಗೆ ನಾನು ಕಾಲಿಟ್ಟರೆ ಅಲ್ಲಿದ್ದವರ ಮಾತು ನಿಲ್ಲುತ್ತಿತ್ತು. 'ನಮ್ಮೂರಲ್ವಾ, ಎಲ್ರೂ ಕೈ ಹಿಡ್ಕೊಂಡು ಒಳಗೆ ಕರೀತಾರೆ' ಅಂದಿದ್ದರು ಇವರು. ಯಾರೂ ಕರೆಯಲಿಲ್ಲ.

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಉಪ್ಪಿನ ಡಬ್ಬಿ. ನಾನು ಮೇಲಿನ ಹಲಗೆಯಲ್ಲಿ ಇಟ್ಟಿದ್ದೆ, ಒಲೆಯ ಪಕ್ಕಕ್ಕೆ ಬಂದಿತ್ತು. ನನ್ನ ಮರೆವು ಅಂದುಕೊಂಡೆ. ಆಮೇಲೆ ಮೊಂಡಾಗಿದ್ದ ಚಾಕು ಹರಿತವಾಗಿತ್ತು. ಒಂದು ದಿನ, ನಾನು ನೆನೆಹಾಕದ ಕಾಳು ಪಾತ್ರೆಯಲ್ಲಿ ನೆನೆದು ಉಬ್ಬಿತ್ತು. ಮಗಳನ್ನು ಕೇಳಿದರೆ ಕಣ್ಣರಳಿಸಿ ನಕ್ಕಳು. ಇವರನ್ನು ಕೇಳಿದರೆ, 'ನೀನೇ ಮಾಡಿರ್ತೀಯ, ಬಿಡು' ಅಂದು ಪೇಪರಿಗೆ ಮುಖ ಹಾಕಿದರು. ಅಷ್ಟು ಬೇಗ ಪೇಪರಿಗೆ ಮುಖ ಹಾಕಿದ್ದೇ ನನಗೆ ಅನುಮಾನ ತಂದಿತು.

ಹಿಂಬಾಗಿಲಿಗೆ ಎಷ್ಟು ಕೀಲಿ ಎಂದೆ. ಒಂದೇ ಅಂದರು. ಮರುವಾರ ಲಟ್ಟಣಿಗೆಗೆ ಉದ್ದನೆಯ ಕೂದಲು ಸುತ್ತಿಕೊಂಡಿತ್ತು. ನನ್ನದಲ್ಲ, ನರೆತದ್ದು. ನರೆ ನೋಡಿ ಸ್ವಲ್ಪ ಸಮಾಧಾನವಾಯಿತು ಅಂದರೆ ನಗಬೇಡ. ಇವರ ಅಂಗಿ ಜೇಬು ಹುಡುಕುವ ಮಟ್ಟಕ್ಕೆ ಆಗಲೇ ಇಳಿದಿದ್ದೆ. ಕೊನೆಗೆ ಹಿಂಬಾಗಿಲ ಹೊಸ್ತಿಲ ಒಳಗೆ ಹಿಟ್ಟು ಉದುರಿಸಿ ಹೊರಟೆ. ಬಂದು ನೋಡಿದರೆ ನೆಲ ಒರೆಸಿ ಥಳಥಳ ಅನ್ನುತ್ತಿತ್ತು. ಹೆಜ್ಜೆ ಗುರುತು ಸಿಕ್ಕಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಕಳೆದ ವಾರ ಸೋಮವಾರ ನಾನು ಸುತ್ತಲು ಹೋಗಲಿಲ್ಲ. ಓಣಿಯ ತುದಿಯ ಇಸ್ತ್ರಿ ಅಂಗಡಿಯಲ್ಲಿ ಬಟ್ಟೆ ಕೊಡುವ ನೆಪದಲ್ಲಿ ನಿಂತೆ. ಒಂಬತ್ತೂವರೆಗೆ ಅರವತ್ತು ದಾಟಿದ ಹೆಂಗಸೊಬ್ಬರು, ಕೈಯಲ್ಲಿ ಬಟ್ಟೆ ಚೀಲ, ಅವಸರವಿಲ್ಲದೆ ಬಂದು ನಮ್ಮ ಹಿಂಬಾಗಿಲ ಬೀಗ ತೆಗೆದು ಒಳಗೆ ಹೋದರು. 'ಸೌಟಮ್ಮ' ಅಂದ ಇಸ್ತ್ರಿಯವನು, ನನ್ನ ಮುಖ ನೋಡದೆ. 'ಹದಿನೆಂಟು ವರ್ಷ ಆ ಒಲೆ ಮುಂದೆ ನಿಂತೋರು.'

ಹಿಂದೆಯೇ ಒಳಗೆ ನುಗ್ಗಿದೆ. ಆಕೆ ಒಲೆ ಹಚ್ಚಿ ಈರುಳ್ಳಿ ಹೆಚ್ಚುತ್ತಿದ್ದರು. ತಿರುಗಿ ನೋಡಿ, 'ಬಾಮ್ಮಾ, ಬಾಗಿಲು ಹಾಕು. ಗಾಳಿಗೆ ಉರಿ ಆರುತ್ತೆ' ಅಂದರು. ನಾನೇ ಅತಿಥಿ ಅನ್ನುವ ಹಾಗೆ! ಪೊಲೀಸರನ್ನು ಕರೆಯುತ್ತೇನೆ ಅಂದೆ. 'ಕರಿ. ಸಾರು ಇಳಿಸಿಬಿಡ್ತೀನಿ, ತಳ ಹಿಡಿಯುತ್ತೆ' ಅಂದರು.

ಆಮೇಲೆ ಕೂತು ಹೇಳಿದರು. ಅಜ್ಜನ ತಂಗಿಗೆ ಅಡುಗೆ ಮಾಡಿ, ಉಣಿಸಿ, ಕೊನೆಗೆ ಹಾಸಿಗೆ ಹಿಡಿದಾಗ ಮಗುವಿನಂತೆ ತೊಳೆದು ನೋಡಿಕೊಂಡವರು ಈಕೆ. ಒಲೆಯ ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದರಂತೆ. ಹಿಂಬಾಗಿಲ ಇನ್ನೊಂದು ಕೀಲಿ ಆಗಿನಿಂದ ಅವರ ಬಳಿಯೇ ಉಳಿದಿತ್ತು. ಈಗ ದರ್ಜಿ ಅಂಗಡಿಯ ಹಿಂದೆ ಒಂದು ಕೋಣೆ. 'ಬಟ್ಟೆ ಇರೋ ಜಾಗ, ಅಲ್ಲಿ ಬೆಂಕಿ ಹಚ್ಚೋ ಹಾಗಿಲ್ಲ. ಬೇಯಿಸಿದ್ದು ತಿನ್ನಬೇಕು ಅನ್ಸಿದಾಗ ಇಲ್ಲಿಗೆ ಬರ್ತಿದ್ದೆ. ಸುಮ್ನೆ ಬರೋಕೆ ಮನಸ್ಸು ಒಪ್ಪಲಿಲ್ಲ, ಏನಾದ್ರೂ ಕೆಲಸ ಮಾಡಿಟ್ಟು ಹೋಗ್ತಿದ್ದೆ.' ಚೀಲದಿಂದ ಒಂದು ಕಾಗದ ತೆಗೆದು ಕೊಟ್ಟರು. ಹದಿನೈದು ದಿನದಲ್ಲಿ ಮನೆ ಬಿಡಬೇಕು ಅಂತ ನಮ್ಮ ಮನೆಯವರೇ ಬರೆದದ್ದು. ಕೆಳಗೆ ಇವರದೇ ಸಹಿ.

ತರಕಾರಿಯವಳು ಯಾಕೆ ಮುಖ ಎತ್ತುತ್ತಿರಲಿಲ್ಲ ಎಂದು ಆಗ ಅರ್ಥವಾಯಿತು. ನಾನು ಮನೆಗೆ ಬಂದು ಹೋಗುವವರನ್ನು ಅನುಮಾನಿಸುತ್ತಿದ್ದೆ, ಇಡೀ ಬೀದಿ ನನ್ನನ್ನು ನೋಡುತ್ತಿತ್ತು.

ಸಂಜೆ ಇವರ ಮುಂದೆ ಕಾಗದ ಇಟ್ಟೆ. 'ಕೆಲಸದೋರು ಅಲ್ವಾ, ಮನೆ ನಮ್ಮದು' ಅಂದರು. ನಾನು ಬಿಡಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಒಂದು ಮಾತು ಹೇಳಿ ಎದ್ದು ಹೋದರು. ಅಂದಿನಿಂದ ನಮ್ಮಿಬ್ಬರ ನಡುವೆ ಮಾತು ಅಷ್ಟಕ್ಕಷ್ಟೆ. ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ ಅಂತ ಅವರು ಚಹಾ ಕಲಕುವುದನ್ನೂ ನೋಡುತ್ತಿರುತ್ತೇನೆ.

ಸೌಟಮ್ಮನಿಗೆ, ನಾನಿರುವಾಗಲೇ ಬನ್ನಿ ಅಂದಿದ್ದೆ. ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಮುಂಬಾಗಿಲು ತಟ್ಟಿದರು. ಈಗ ನಾವಿಬ್ಬರೂ ಒಟ್ಟಿಗೆ ಅಡುಗೆ ಮಾಡುತ್ತೇವೆ. ನನ್ನ ಕೈಯಿಂದ ಸೌಟು ಕಿತ್ತುಕೊಂಡು ಬೈಯುತ್ತಾರೆ. ಒಲೆಯ ಪಕ್ಕದ ಕೋಣೆಯಲ್ಲಿ ನಮ್ಮ ಪೆಟ್ಟಿಗೆಗಳಿದ್ದವು, ನಿನ್ನೆ ಹೊರಗೆ ತೆಗೆದೆ. ಇವರು ನೋಡಿ, ಪೆಟ್ಟಿಗೆ ದಾಟಿಕೊಂಡು ಅಂಗಡಿಗೆ ಹೋದರು. ಮಗಳು ಮಾತ್ರ ಆಕೆಯನ್ನು ಅಜ್ಜಿ ಅನ್ನಲು ಶುರುಮಾಡಿದ್ದಾಳೆ. ನಿನ್ನ ಮಂಡಿನೋವು ಹೇಗಿದೆ? ಬರಿ.

ನಿನ್ನ ಪ್ರೀತಿಯ,
ತಂಗಿ

ಮರೆತಿದ್ದೆ: ಇವರು ಎದ್ದು ಹೋಗುವಾಗ ಅಂದ ಮಾತು ಮೇಲೆ ಬರೆಯಲಿಲ್ಲ. ಮರೆತಿದ್ದೆ ಅನ್ನುವುದೂ ಸುಳ್ಳು. 'ನೀನೇ ಅಲ್ವಾ ಹೇಳಿದ್ದು' ಅಂದರು. ಹೊರಡುವ ಮುಂಚೆ ನಾನು ಪಾತ್ರೆ ಕಟ್ಟುತ್ತಿದ್ದಾಗ, ಆ ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಇದ್ದಾರೆ, ಏನು ಮಾಡೋಣ ಅಂತ ಕೇಳಿದ್ದರು. ತಲೆ ಎತ್ತದೆ, 'ನಾವು ಹೋಗೋ ಹೊತ್ತಿಗೆ ಖಾಲಿ ಇರಲಿ' ಅಂದಿದ್ದೆ. ಸೌಟಮ್ಮನಿಗೆ ಇದು ಗೊತ್ತಿಲ್ಲ. ನಿನ್ನ ಉತ್ತರದಲ್ಲಿ ಈ ವಿಷಯ ಎತ್ತಬೇಡ. ಈಗ ಅಂಚೆಯವನಿಂದ ಕಾಗದ ತೆಗೆದುಕೊಳ್ಳುವವರು ಸೌಟಮ್ಮನೇ.