ಎರಡನೇ ಆಟಕ್ಕೆ ನಾನಿಲ್ಲ

ಶಿಕಾರಿಪುರ
12-10-1997

ಸೊರಬದ ಅಣ್ಣ ಸದಾಶಿವಪ್ಪನಿಗೆ ತಂಗಿ ನೀಲಾಂಬಿಕ ಮಾಡುವ ನಮಸ್ಕಾರ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅತ್ತಿಗೆಯ ಮಂಡಿನೋವು ಹೇಗಿದೆ, ಬರೆ. ನಿನ್ನ ಕಾಗದ ಬಂದು ಹದಿನೈದು ದಿನವಾಯಿತು, ಉತ್ತರ ತಡವಾಯಿತು, ಬೇಸರಿಸಬೇಡ. ಶಾಲೆಯಲ್ಲಿ ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ ಎಂದು ನೆಪ ಬರೆಯೋಣವೆಂದುಕೊಂಡೆ. ಅದೂ ನಿಜವೇ. ಆದರೆ ಸಿಟ್ಟು ಇಳಿಯಲಿ ಅಂತ ಕಾದೆ. ಇಳಿಯಲಿಲ್ಲ, ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಕಾಗದದ ಜೊತೆ ನೀನಿಟ್ಟಿದ್ದ ಪತ್ರಿಕೆಯ ತುಂಡನ್ನೂ ಓದಿದೆ. ಚದುರಂಗದಲ್ಲಿ ಜಗತ್ತಿನ ಚಾಂಪಿಯನ್ನನ್ನು ಸೋಲಿಸಿದ ಅಮೆರಿಕದ ಕಂಪ್ಯೂಟರು ಇನ್ನು ಆಡುವುದಿಲ್ಲವಂತೆ. ಅವನು ಇನ್ನೊಂದು ಪಂದ್ಯ ಕೇಳಿದರೂ ಅದನ್ನು ಮಾಡಿದ ಕಂಪನಿಯವರು ಒಪ್ಪಲಿಲ್ಲವಂತೆ. ಅದರ ಅಂಚಿನಲ್ಲಿ ನೀನು ಕೆಂಪು ಪೆನ್ನಿನಿಂದ ಬರೆದಿದ್ದೀಯ: “ನಿನ್ನ ಹಾಗೇ ಇವರೂ ಪುಕ್ಕಲರು. ದೀಪಾವಳಿಗೆ ಬಾ, ಇನ್ನೊಂದು ಆಟ ಆಡು. ಭಾವ ಹೊರಗೆ ಕೂತಿರಲಿ.”

ನಮ್ಮ ಮನೆಯವರಿಗೆ ತೋರಿಸಿದೆ. ನಕ್ಕರು. “ಗೆದ್ರೆ ಹೊಸದಾಗಿ ಏನೂ ಸಿಗಲ್ಲ, ಸೋತ್ರೆ ಮೊದ್ಲು ಗೆದ್ದಿದ್ದೂ ಹೋತು. ಯಾರು ಆಡ್ತಾರೆ ನೀಲಾ?” ಅಂದರು. ವ್ಯಾಪಾರದವರ ಮಾತು. ಆ ಕಂಪನಿಯವರ ಮನಸ್ಸಿನಲ್ಲೂ ಅದೇ ಇದ್ದಿರಬಹುದು. ನನ್ನ ಮನಸ್ಸಿನಲ್ಲಿ ಅದಿಲ್ಲ.

ಅದೇ ತುಂಡಿನ ಕೊನೆಯ ಸಾಲು ನೀನು ಓದಿದೆಯೋ ಇಲ್ಲವೋ. ಯಂತ್ರಕ್ಕೆ ಯಾರೋ ಮನುಷ್ಯ ನಡೆ ಹೇಳಿಕೊಟ್ಟಿರಬೇಕು ಎಂದು ಸೋತವನಿಗೆ ಗುಮಾನಿಯಂತೆ. ಅಂಥವನ ಎದುರು ಮತ್ತೆ ಕೂತು ಗೆದ್ದರೆ ಗುಮಾನಿ ಹೋಗುತ್ತದೆಯೇ? ಈ ಸಲ ಇಬ್ಬರು ಹೇಳಿಕೊಟ್ಟರು ಅನ್ನುತ್ತಾನೆ. ಆ ಯಂತ್ರ ಮಾಡಿದವಳು ನಾನಾಗಿದ್ದರೂ ಬೇಡವೆನ್ನುತ್ತಿದ್ದೆ.

ಪಂಚಮಿಗೆ ನಾನು ಸೊರಬಕ್ಕೆ ಬಂದಾಗ ಆದದ್ದೂ ಇದೇ ತಾನೆ? ಮೂವತ್ತು ವರ್ಷದಲ್ಲಿ ಮೊದಲ ಸಲ ನಿನ್ನನ್ನು ಸೋಲಿಸಿದೆ. ನನ್ನನ್ನು ಕರೆದೊಯ್ಯಲು ಬಂದಿದ್ದ ಇವರು ಕಾಫಿ ಲೋಟ ಹಿಡಿದು ನನ್ನ ಬೆನ್ನ ಹಿಂದೆ ನಿಂತಿದ್ದರು. ಮೊನ್ನೆ ನಿಮ್ಮ ಪಕ್ಕದ ಮನೆಯ ತೋಟಪ್ಪ ಸಂತೆಯಲ್ಲಿ ಸಿಕ್ಕಿ, “ಯಜಮಾನ್ರು ಕಣ್ಸನ್ನೆ ಮಾಡಿ ಗೆಲ್ಸಿದ್ರಂತೆ ಹೌದೇನಮ್ಮ?” ಅಂದ. ಬೆನ್ನ ಹಿಂದೆ ನಿಂತವರ ಕಣ್ಣು ನನಗೆ ಹೇಗೆ ಕಾಣಬೇಕು, ನೀನೇ ಹೇಳು. ಕುದುರೆ ಹೇಗೆ ನಡೆಯುತ್ತದೆ ಎಂಬುದೇ ಇವರಿಗೆ ಇವತ್ತಿಗೂ ಗೊತ್ತಿಲ್ಲ.

ದೀಪಾವಳಿಗೆ ಬರುತ್ತೇನೆ. ತವರಿಗೆ ಬರಲು ಆಡಿ ತೋರಿಸಬೇಕಾಗಿಲ್ಲ. ಹೋಳಿಗೆ ಉಣ್ಣುತ್ತೇನೆ, ಅತ್ತಿಗೆಯ ಜೊತೆ ಹರಟುತ್ತೇನೆ. ನೀನು ಬೋರ್ಡು ಹಾಸಿದರೆ ಎದ್ದು ಅಡುಗೆಮನೆಗೆ ಹೋಗುತ್ತೇನೆ. ಒಂದು ಆಟ ಗೆದ್ದಿದ್ದೇನೆ, ಅದು ನನ್ನದು. ಪುಕ್ಕಲಿ ಅಂತ ಬೇಕಾದರೆ ಊರಿಗೆಲ್ಲ ಹೇಳು.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಇದನ್ನೂ ಸಿಟ್ಟಿನಲ್ಲೇ ಬರೆದಿದ್ದೇನೆ.

ಇಂತಿ,
ನಿನ್ನ ತಂಗಿ
ನೀಲಾಂಬಿಕ

ಮರೆತಿದ್ದೆ: ನೀನು ಊರವರಿಗೆ ಹೇಳಿದ್ದನ್ನು ನುಂಗಿಕೊಂಡೇನು. ಆದರೆ ಆಟ ಮುಗಿದ ಕೂಡಲೇ ನೀನು ನನ್ನ ತಲೆಯ ಮೇಲಿಂದ ಇವರನ್ನು ನೋಡಿ, “ಮಂತ್ರೀನ ಕೊಟ್ಟು ಕುದುರೇಲಿ ರಾಜನ್ನ ಕಟ್ಟೋದು ಎಲ್ಲಿ ಕಲಿತ್ರಿ ಭಾವ?” ಎಂದು ಕೇಳಿದೆ. ನನ್ನನ್ನು ಕೇಳಲಿಲ್ಲ. ನನಗೆ ಹನ್ನೆರಡು ವರ್ಷವಿದ್ದಾಗ, ಮಂಗನ ಕಾಯಿಲೆಯಿಂದ ಎದ್ದು ಕೂರಲೂ ಆಗದೆ ಮಲಗಿದ್ದಾಗ, ಹಾಸಿಗೆಯ ಪಕ್ಕ ರಟ್ಟಿನ ಮೇಲೆ ಮನೆಗಳನ್ನು ಗೀಚಿ ಆ ನಡೆ ಕಲಿಸಿದವನು ನೀನೇ, ಅಣ್ಣ.