ಒರತೆಗೆ ಬಂದ ಬಣ್ಣ

ಮೂಡಿಗೆರೆ
ಜನವರಿ ೧೯, ೨೦೨೫

ಪ್ರೀತಿಯ ರೂಪಾ,

ಊರಿಗೆ ಬಂದು ವಾರವಾಯಿತು. ಮಲ್ಲಂದೂರಿಗೆ, ನಿನ್ನ ತೋಟಕ್ಕೆ ಬರಲು ಧೈರ್ಯ ಸಾಲದೆ ಬರೆಯುತ್ತಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಗಿರಿ ಸಿಕ್ಕಿದ್ದರು. ಮುತ್ತಮ್ಮ ಹೋದ ಹಿಂದೆಯೇ ಲೈನ್ ಮನೆಗಳ ಕೂಲಿಯಾಳುಗಳೆಲ್ಲ ಬಿಟ್ಟುಹೋದರಂತೆ, ಕಾಫಿ ಹಣ್ಣು ಗಿಡದಲ್ಲೇ ಒಣಗುತ್ತಿದೆಯಂತೆ.

ನನ್ನ ಪ್ರಯೋಗಕ್ಕೆ ಯಾರೂ ಜಾಗ ಕೊಡದಿದ್ದಾಗ ನೀನು ಕೊಟ್ಟೆ. ಅಣುತ್ಯಾಜ್ಯ ಹೂಳುವ ಗುಂಡಿಯೊಳಕ್ಕೆ ಮಳೆನೀರು ಹೇಗೆ ಇಳಿಯುತ್ತದೆಂದು ಅಳೆಯಲು ಆ ಗುಂಡಿಗಳಿರುವ ಕಡೆಯಂಥದೇ ಮಣ್ಣು, ಅಂಥದೇ ಮಳೆ ಬೇಕಿತ್ತು. ನಿನ್ನ ಗುಡ್ಡದಲ್ಲಿ ನಾನು ಹೂಳಿದ್ದು ಬರೀ ಮರಳು ತುಂಬಿದ ಡ್ರಮ್ಮುಗಳನ್ನು. ಅವುಗಳ ಮೇಲೆ ಜೇಡಿಮಣ್ಣಿನ ಹೊದಿಕೆ, ಅದರ ಮೇಲೆ ಅಪಾಯವಿಲ್ಲದ ಹಸಿರು ಬಣ್ಣ. ಮಳೆಗಾಲವಿಡೀ ಸುರಿದರೂ ಬಣ್ಣ ಕೆಳಗಿಳಿಯದು ಎಂದಿದ್ದೆ. ನೀನು ಅದನ್ನೇ ಲೈನಿನವರಿಗೆ ಹೇಳಿದೆ.

ಆಷಾಢದ ಮಳೆ ಹಿಡಿದ ಮೂರನೆಯ ದಿನವೇ ಮುತ್ತಮ್ಮ ಗುಡ್ಡದ ಬುಡದ ಒರತೆಯಿಂದ ಕೊಡ ತಂದು ನಮ್ಮೆದುರು ಸುರಿದಳು. ಹಚ್ಚ ಹಸಿರು. "ಮಕ್ಳು ಬೆಳಿಗ್ಗೆ ಇದನ್ನೇ ಕುಡ್ದಿದಾವೆ ಅಮ್ಮ, ಇದೆಂಥದು?" ಎಂದಳು. ಹೊದಿಕೆ ದಾಟಿದ ನೀರು ಸಿಲ್ವರ್ ಮರಗಳ ಕೊಳೆತ ಬೇರುಗಳ ಪೊಳ್ಳಿನಲ್ಲಿ ದಾರಿ ಮಾಡಿಕೊಂಡಿದೆಯೆಂದು ನನಗೆ ಥಟ್ಟನೆ ಹೊಳೆಯಿತು. "ಬಂತಲ್ಲ ಮಾರಾಯ್ತಿ, ಇಷ್ಟ್ ಬೇಗ!" ಎಂದು ನಿನ್ನ ಕೈ ಹಿಡಿದು ನಗುತ್ತ ಕುಣಿದೆ.

ಆಮೇಲೆ ಅದೇ ನೀರನ್ನು ಲೋಟದಲ್ಲಿ ಕುಡಿದು ತೋರಿಸಿದರೂ ಯಾರೂ ನಂಬಲಿಲ್ಲ. "ನೀನಿನ್ನು ಹೊರಡು," ಎಂದಷ್ಟೇ ಹೇಳಿ ನೀನು ಒಳಗೆ ಹೋದೆ.

ನನ್ನ ಅಳತೆಯಿಂದಾಗಿ ಮುಂದಿನ ಗುಂಡಿಗಳ ಹೊದಿಕೆಯನ್ನೇ ಬದಲಾಯಿಸುತ್ತಿದ್ದಾರೆ. ಕಚೇರಿಯಲ್ಲಿ ಹೊಗಳಿದರು. ನಿನಗೆ ಫೋನ್ ಮಾಡಿ ಹೇಳಬೇಕೆನಿಸಿತು, ಮಾಡಲಾಗಲಿಲ್ಲ.

ಮೊನ್ನೆ ಅತ್ತಿಗುಂಡಿಗೆ ಹೋಗಿ ಮುತ್ತಮ್ಮನನ್ನು ಕಂಡೆ. ಈಗ ಅಲ್ಲಿನ ಎಸ್ಟೇಟಿನಲ್ಲಿದ್ದಾಳೆ. ಮಕ್ಕಳು ಚೆನ್ನಾಗಿದ್ದಾರೆ. ತಪ್ಪಾಯಿತು, ರೂಪಾಳ ತೋಟಕ್ಕೆ ವಾಪಸು ಹೋಗು ಎಂದು ಬೇಡಿಕೊಂಡೆ. ಕಾಫಿ ಕೊಟ್ಟಳು. "ನೀರು ಸರಿಯೇ ಇದ್ದಿರ್ಬೌದು ಅಮ್ಮ. ಆದ್ರೆ ಮಕ್ಳು ಕುಡ್ದಿದಾವೆ ಅಂದಾಗ ನೀವು ನಕ್ರಲ್ಲ," ಎಂದಳು. ಅವಳು ಬರುವುದಿಲ್ಲ, ರೂಪಾ. ನಿನ್ನ ಮೇಲೆ ಅವಳಿಗೆ ಸಿಟ್ಟಿಲ್ಲ. ಇಷ್ಟು ತಿಳಿಸಲೆಂದೇ ಬರೆದೆ.

ನಿನ್ನ ಮನೆಯ ಬಾಗಿಲು ತಟ್ಟಲಾರದ ಗೆಳತಿ,
ಸುಪ್ರಿಯಾ

ತಾ.ಕ.: ತ್ಯಾಜ್ಯ ಈಗಾಗಲೇ ಹೂತಿರುವ ಹಳೆಯ ಗುಂಡಿಗಳಿರುವ ಜಾಗಕ್ಕೆ ಮುಂದಿನ ತಿಂಗಳು ಹೋಗುತ್ತಿದ್ದೇನೆ, ನಾನೇ ಕೇಳಿಕೊಂಡು. ಅಮ್ಮನಿಗೆ ಹೇಳಿಲ್ಲ. ಅವುಗಳ ಹೊದಿಕೆಯೂ ನಿನ್ನ ಗುಡ್ಡದಲ್ಲಿ ನಾನು ಹಾಕಿದಂಥದೇ. ಇಳಿಜಾರಿನ ಕೆಳಗೆ ಜನರ ಬಾವಿಗಳಿವೆ. ಅಲ್ಲಿ ಸೋರಿದರೂ ನೀರಿಗೆ ಬಣ್ಣವಿರುವುದಿಲ್ಲ.