ನೆರಳಲ್ಲಿಟ್ಟ ಜಡೆ

ಮಾರ್ಚ್ 11, ಬೆಳಗ್ಗೆ

ಈಜುಕೊಳಕ್ಕೆ ಹೊರಟ ತಂಗಿಯನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸಿದೆ. ತುದಿಗೆ ಎಣ್ಣೆ, ತಲೆಗೆ ಸ್ಕಾರ್ಫ್, ಅದರ ಮೇಲೆ ಹ್ಯಾಟ್. ದಿನವೂ ಇದೇ ಕುಸ್ತಿ.

"ಮಕ್ಕಳು ನಗ್ತಾರೆ ಕಣೇ. ಇವ್ಳು ಈಜು ಕಲಿಸೋಳೋ, ಜೇನು ಕೀಳೋಳೋ ಅಂತ."

"ನಗ್ಲಿ ಬಿಡು. ಮೇ ತಿಂಗಳವರೆಗೂ ಆ ಕೂದ್ಲು ನಿಂದಲ್ಲ."

ತಪ್ಪೇನು ಹೇಳಿದೆ? ಕ್ಯಾನ್ಸರ್ ಚಿಕಿತ್ಸೆಗೆ ಅಮ್ಮನ ಕೂದಲೆಲ್ಲ ಉದುರಿಹೋಗಿದೆ. ತಂಗಿಯದು ಮುಷ್ಟಿಗೆ ಸಿಗದಷ್ಟು ದಪ್ಪ ಜಡೆ. ವಿಗ್ ಕಟ್ಟುವುದು ನನ್ನ ಕಸುಬು. ಇನ್ನೆರಡು ಬೆರಳು ಬೆಳೆದ ಮೇಲೆ ಕತ್ತರಿಸಿದರೆ ಅಮ್ಮನ ಹೆಗಲು ದಾಟುವಂಥದ್ದು ಕಟ್ಟಬಹುದು. ಮೊದಲಿದ್ದ ಹಾಗೆ.

ಮಾರ್ಚ್ 14

ಇವತ್ತು ಅಂಗಡಿಗೆ ಬಂದ ಕೂದಲಿನ ಕಟ್ಟು ಬಿಚ್ಚಿ ನೋಡಿದೆ. ಬಿಸಿಲಿಗೆ ಸುಟ್ಟು ಬರೀ ನಾರು. ಸೂಜಿಯಲ್ಲಿ ಎಳೆದು ಗಂಟು ಹಾಕುವಷ್ಟರಲ್ಲಿ ತುಂಡು. ಬಣ್ಣವೂ ಹಿಡಿಯುವುದಿಲ್ಲ.

ಮನೆಗೆ ಬಂದವಳೇ ತಂಗಿಯ ಜಡೆ ದೀಪಕ್ಕೆ ಹಿಡಿದೆ. ತುದಿ ಆಗಲೇ ಕಂದು! ಬೈದೆ. ಹೊಸ ಕಾನೂನು — ಕೊಳದಿಂದ ಎದ್ದ ಮೇಲೆ ಬಿಸಿಲಲ್ಲಿ ಒಣಗಿಸುವಂತಿಲ್ಲ. ಡ್ರೈಯರ್ ಕೂಡ ಬೇಡ. ಒದ್ದೆಯಿದ್ದರೂ ಸರಿ, ಬಿಗಿಯಾಗಿ ತುರುಬು ಕಟ್ಟಿ ಸ್ಕಾರ್ಫ್ ಸುತ್ತಬೇಕು.

ಅಮ್ಮ ಹಾಸಿಗೆಯಿಂದಲೇ ಕೂಗಿದಳು. "ಇರೋದನ್ನೇ ಕತ್ತರಿಸಿ ಏನೋ ಒಂದು ಮಾಡೇ. ಗಿಡ್ಡ ಆದ್ರೂ ಸಾಕು. ಮುಂದಿನ ತಿಂಗ್ಳು ಅವಳ ಈಜು ಸ್ಪರ್ಧೆ ಇದೆ. ಬೋಳು ತಲೇಲಿ ಹೇಗೆ ಹೋಗಿ ಕೂತ್ಕೊಳ್ಲಿ?"

"ನನ್ನ ಕೆಲಸ ನಂಗೆ ಬಿಡಮ್ಮ" ಎಂದೆ.

ಏಪ್ರಿಲ್ 2

ಸ್ಪರ್ಧೆ ಎಂದರೆ ಬೆಳಗಿನಿಂದ ಸಂಜೆವರೆಗೆ ಬಯಲು, ಬಿಸಿಲು, ಕ್ಲೋರಿನ್. ಮಾಡಿದ್ದೆಲ್ಲ ನೀರಲ್ಲಿ ಹೋಮ. ಈ ವರ್ಷ ಬೇಡ ಎಂದುಬಿಟ್ಟೆ. ತಂಗಿ ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು...

"ಅಮ್ಮಂಗೆ ನೀನೇ ಹೇಳು" ಎಂದಳು ಅಷ್ಟೇ.

ಹೇಳಿದೆ. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. "ಅವ್ಳು ಈಜಲ್ಲ ಅಂದ್ಮೇಲೆ ನಾನು ಅದನ್ನ ಹಾಕ್ಕೊಂಡು ಎಲ್ಲಿಗೆ ಹೋಗ್ಲಿ?"

ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಬರೆಯುವಾಗ ಚುಚ್ಚುತ್ತಿದೆ. ಇರಲಿ. ವಿಗ್ ತಲೆ ಮೇಲೆ ಕೂತಾಗ ಎಲ್ಲ ಸರಿಹೋಗುತ್ತದೆ.

ಏಪ್ರಿಲ್ 20

ಸ್ಪರ್ಧೆಯ ದಿನ. ತಂಗಿ ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಮೇ 3, ಮಧ್ಯಾಹ್ನ



ಒಂದು ವಾರದಿಂದ ತಲೆ ಕೆರೆದುಕೊಳ್ಳುತ್ತಿದ್ದಳು. ಬೆವರಿಗೆ ಎಂದುಕೊಂಡಿದ್ದೆ. ಇವತ್ತು ಕೂರಿಸಿಕೊಂಡು ಸ್ಕಾರ್ಫ್ ಬಿಚ್ಚಿದರೆ ಮುಗ್ಗಲು ವಾಸನೆ. ರಬ್ಬರ್‌ಬ್ಯಾಂಡ್ ಬಿಗಿದ ಜಾಗದಲ್ಲೆಲ್ಲ ಕೂದಲು ಮೆತ್ತಗಾಗಿ ಕಡಿದುಹೋಗಿದೆ. ಬಾಚಣಿಗೆ ಇಟ್ಟೆ... ಕುಚ್ಚು ಕುಚ್ಚಾಗಿ ಕೈಗೇ ಬಂತು.

ಒದ್ದೆ ಕೂದಲನ್ನು ಬಿಗಿದು ಕಟ್ಟಬೇಡಿ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುವವಳು ನಾನೇ. ಬಿಸಿಲಿನ ಭಯದಲ್ಲಿ ಬುದ್ಧಿಗೆ ಮಂಕು ಕವಿದಿತ್ತು.

"ಹೋಗ್ಲಿ ಬಿಡೇ, ಬಿಸಿಲು ತಾಗ್ಲಿಲ್ವಲ್ಲ" ಎಂದು ತಂಗಿ ನಕ್ಕಳು. ಮರುಕ್ಷಣ ಮುಖ ಮುಚ್ಚಿಕೊಂಡು ಅತ್ತಳು. ಕತ್ತರಿ ನಾನೇ ಹಾಕಿದೆ. ಹುಡುಗರ ಕ್ರಾಪಿನಷ್ಟು ಉಳಿಯಿತು.

ಮೇ 16

ತುಂಡಾದದ್ದು, ಮುಗ್ಗಿದ್ದು ಬಿಸಾಡಿ, ಗಟ್ಟಿಯಿದ್ದದ್ದು ಆರಿಸಿದೆ. ಗಿಡ್ಡ ವಿಗ್ಗಿಗೆ ಮಾತ್ರ ಸಾಕು. ಅಮ್ಮ ಮಾರ್ಚಿನಲ್ಲೇ ಕೇಳಿದಂಥದ್ದು. ಕಂದು ತುದಿಗಳನ್ನೂ ಬಿಡದೆ ಸೇರಿಸಬೇಕಾಯಿತು. ಅಮ್ಮನ ಮಾತು ಆಗಲೇ ಕೇಳಿದ್ದರೆ ಅವಳು, ತಂಗಿ ಇಬ್ಬರೂ ಏಪ್ರಿಲ್‌ನಲ್ಲಿ ಕೊಳದ ಹತ್ತಿರ ಇರುತ್ತಿದ್ದರು.

ಆಗ ಅಮ್ಮ ಕೋಲು ಹಿಡಿದಾದರೂ ನಡೆಯುತ್ತಿದ್ದಳು. ಈಗ ದಿಂಬು ಕೊಟ್ಟರೂ ಕೂರಲು ಆಗುತ್ತಿಲ್ಲ.

ಮೇ 29, ಸಂಜೆ

ವಿಗ್ ಮುಗಿಯಿತು. ಅಮ್ಮನಿಗೆ ಕಾಣಲಿ ಎಂದು, ಅದನ್ನು ಕೂರಿಸಿದ್ದ ಮರದ ತಲೆಯ ಸಮೇತ ಕಿಟಕಿಯಲ್ಲಿಟ್ಟೆ. ಹಾಕುವುದು ಬೇಡವಂತೆ, ನೋಡಿದರೆ ಸಾಕಂತೆ. ಸ್ವಲ್ಪ ಹೊತ್ತಿಗೆ ಓರೆ ಬಿಸಿಲು ಅದರ ಮೇಲೇ ಬಿತ್ತು. ಅಭ್ಯಾಸಬಲ, ಪರದೆ ಎಳೆಯಲು ಎದ್ದೆ.

"ಬಿಡೇ" ಎಂದಳು ಅಮ್ಮ. ದನಿ ಎಷ್ಟು ಸಣ್ಣಗಾಗಿದೆ. "ನೀರಿಂದ ಎದ್ದು ಬರುವಾಗ ಅವಳ ಕೂದ್ಲು ಹೀಗೇ ಹೊಳೀತಿತ್ತು."

ಕಂದು ತುದಿಗಳು. ಬೈದಿದ್ದೆನಲ್ಲ, ಅವೇ.

"ನೀನು ಒಂದ್ಸಲನಾದ್ರೂ ನೋಡಿದ್ದೀಯೇನೇ, ಅವ್ಳು ಈಜೋದನ್ನ?"

ಪರದೆ ಬಿಟ್ಟು ಈಚೆ ಬಂದೆ. ನೋಡಿಲ್ಲ. ತಂಗಿ ಎದುರಿಗೆ ಬಂದಾಗಲೆಲ್ಲ ನಾನು ನೋಡುತ್ತಿದ್ದದ್ದು ಬರೀ ಅವಳ —